ಮೂರನೇ ಸಿಲಿಂಡರಿನ ಸದ್ದು

ಗಾಡಿ ತಂದವರೆಲ್ಲ ನನ್ನ ಮುಂದೆ ನಿಂತು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾರೆ. ಟುಕುಟುಕು ಅನ್ನುತ್ತೆ, ಕಟಕಟ ಅನ್ನುತ್ತೆ, ಗೊರ್ ಅನ್ನುತ್ತೆ. ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದುರಿಗೆ ಇಂಜಿನ್ ಇದೆ, ಅದರಲ್ಲಿ ಪೆಟ್ರೋಲ್ ಇದೆ, ನನ್ನ ತಲೆಗೆ ಎರಡು ಕಿವಿಗಳಿವೆ. ಬಾಯಿ ಮುಚ್ಚಿಕೊಂಡು ಸ್ಟಾರ್ಟ್ ಮಾಡಿದರೆ ಸಾಕು. ಆದರೆ ಪಾಂಡವಪುರದಲ್ಲಿ ಶೆಡ್ ಹಾಕಿ ಇಷ್ಟು ವರ್ಷವಾದರೂ ಅಂಥ ಒಬ್ಬ ಗಿರಾಕಿಯನ್ನು ನಾನು ಕಂಡಿಲ್ಲ.

ಸಂತೆಬಾಚಹಳ್ಳಿಯ ದೇವರಾಜು ಅವರೆಲ್ಲರಿಗಿಂತ ಒಂದು ಕೈ ಮೇಲು. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನುಷ್ಯ. ಆ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು ಬಾಡಿಗೆಗೆ ಬಿಟ್ಟಿದ್ದ. ಡಿಸೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಬಂದವನು ಕಾರಿನಿಂದ ಇಳಿಯುವ ಮೊದಲೇ ಶುರು ಹಚ್ಚಿಕೊಂಡ.

"ಶಿವಣ್ಣ, ಪಿಕಪ್ ಕೊಟ್ಟೇಟ್ಗೆ ದಡ್ ದಡ್ ದಡ್ ಅಂತದೆ ಕಣಣ್ಣ. ಕಾಲೆತ್ತುದ್ರೆ ಸುಮ್ಕಾಯ್ತದೆ. ಶ್ರೀರಂಗಪಟ್ಟಣದೋನು ಟ್ಯಾಪೆಟ್ಟು ಅಂದ. ನಾಗಮಂಗಲದೋನು ಪೆಟ್ರೋಲ್ ಸರಿಯಿಲ್ಲ ಅಂದ. ಇನ್ಯಾರ್ ತಾವ ಓಗ್ಲಿ ನಾನು?"

"ಇಂಜಿನ್ ಕೆಲ್ಸ ಯಾವಾಗ ಮಾಡ್ಸಿದ್ದು?"

"ನಾಕ್ ತಿಂಗ್ಳಾಯ್ತು. ಕೆ.ಆರ್. ಪೇಟೇಲಿ ನಿಮ್ಮಣ್ಣನೇ ಮಾಡಿದ್ದು. ಬೇರಿಂಗೆಲ್ಲ ಹೊಸ್ದು ಹಾಕಿವ್ನಿ ಅಂದ. ಈಗ ಕೇಳುದ್ರೆ, ಹೊಸಾ ಬೇರಿಂಗು, ಸೆಟ್ಟಾಗೋಗಂಟ ಅಂಗೇಯ ಅಂತಾನೆ. ಹಾಕವ್ನೋ ಇಲ್ವೋ ಆ ದೇವ್ರೇ ಬಲ್ಲ."

ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಅಣ್ಣ ಪುಟ್ಟಸ್ವಾಮಿ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅವನು, ಕೈಗೆ ಸ್ಪ್ಯಾನರ್ ಕೊಟ್ಟವನು ಅವನು. ಇಂಜಿನ್ನಿಗೆ ಕಿವಿ ಕೊಡುವುದನ್ನು ನಾನು ಕಲಿತದ್ದೂ ಅವನಿಂದಲೇ.

"ದೇವರಾಜು, ನಮ್ಮಣ್ಣನ ಮ್ಯಾಲೆ ಇನ್ನೊಂದು ಮಾತಾಡುದ್ರೆ ಗಾಡಿ ಎತ್ಕೊಂಡು ಬಂದ ದಾರೀಲೇ ಓಗು" ಅಂದೆ. ಅವನು ಕೈ ಮುಗಿದು ಪಕ್ಕದ ಸೀಟಿಗೆ ಸರಿದ.

ಜಕ್ಕನಹಳ್ಳಿ ರಸ್ತೆಗೆ ಗಾಡಿ ಬಿಟ್ಟೆ. ಸಮತಟ್ಟಾದ ದಾರಿಯಲ್ಲಿ ಏನೂ ಇಲ್ಲ, ಒಳ್ಳೆಯ ಮಗುವಿನ ಹಾಗೆ ಓಡಿತು. ಮೇಲುಕೋಟೆಯ ಕಡೆಗೆ ಏರು ಶುರುವಾಗುವಲ್ಲಿ ಟಾಪ್ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಒತ್ತಿದೆ. ತಳದಿಂದ ಎದ್ದಿತು ನೋಡಿ. ಯಾರೋ ಕೆಳಗೆ ಕೂತು ಮರದ ಕೊಡತಿಯಲ್ಲಿ ಬಡಿಯುತ್ತಿರುವ ಹಾಗೆ. ಕಾಲು ಸಡಿಲಿಸಿದರೆ ನಿಂತಿತು, ಒತ್ತಿದರೆ ಮತ್ತೆ ಬಡಿಯಿತು. ಟ್ಯಾಪೆಟ್ ಸದ್ದು ಮೇಲಿನಿಂದ ಬರುತ್ತದೆ, ತೆಳ್ಳಗೆ, ಹೊಲಿಗೆ ಯಂತ್ರದ ಥರ. ಪೆಟ್ರೋಲ್ ಕೆಟ್ಟಿದ್ದರೆ ಡಬ್ಬಿಯೊಳಗೆ ಚಿಲ್ಲರೆ ಕುಲುಕಿದ ಹಾಗಿರುತ್ತದೆ. ಇದು ಎರಡೂ ಅಲ್ಲ. ಇದು ಕೆಳಗಿನದು, ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವಂಥದ್ದು. ನನ್ನ ಕಿವಿ ಬೇರಿಂಗ್ ಅನ್ನುತ್ತಿತ್ತು, ನಾನು ಅಲ್ಲ ಅನ್ನುತ್ತಿದ್ದೆ. ಅಣ್ಣ ನಾಲ್ಕು ತಿಂಗಳ ಹಿಂದೆ ಹೊಸ ಬೇರಿಂಗ್ ಹಾಕಿದ್ದಾನಲ್ಲ!

ಶೆಡ್ಡಿಗೆ ಬಂದು ಬಾನೆಟ್ ಎತ್ತಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ದೇವರಾಜುವಿಗೆ ಇಂಜಿನ್ ವೇಗ ಏರಿಸಿ ಇಳಿಸು ಎಂದೆ. ಆಮೇಲೆ ಒಣಬಟ್ಟೆ ಹಿಡಿದು ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಒಂದನೆಯದು ಕಿತ್ತಾಗಲೂ ಸದ್ದು ಹಾಗೇ ಇತ್ತು. ಎರಡನೆಯದಕ್ಕೂ ಹಾಗೇ ಇತ್ತು. ಮೂರನೆಯದು ಕಿತ್ತದ್ದೇ ತಡ, ಬಡಿತ ಅರ್ಧಕ್ಕರ್ಧ ಇಳಿಯಿತು. ಮೂರನೇ ಸಿಲಿಂಡರಿನಲ್ಲಿ ಬೆಂಕಿ ಹತ್ತದಿದ್ದರೆ ಅದರ ಕೆಳಗಿನ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ, ಭಾರ ಬೀಳದಿದ್ದರೆ ಅದು ಬಡಿಯುವುದಿಲ್ಲ. ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ.

"ಚೇಂಬರ್ ಬಿಚ್ಬೇಕು" ಅಂದೆ. ಇಂಜಿನ್ನಿನ ತಳಕ್ಕೆ ಬಿಗಿದ ಎಣ್ಣೆಯ ತೊಟ್ಟಿ ಅದು.

ಆಯಿಲ್ ಇಳಿಸಿದೆ. ಎಣ್ಣೆಯೊಳಗೆ ಜರಿಯ ಪುಡಿ ಉದುರಿಸಿದ ಹಾಗೆ ಮಿಣಮಿಣ ಎನ್ನುತ್ತಿತ್ತು. ಬೇರಿಂಗ್ ಸವೆದು ಸವೆದು ಎಣ್ಣೆಗೆ ಇಳಿದಿದೆ. ಗಾಡಿಯ ಅಡಿಗೆ ಮಲಗಿ ಚೇಂಬರ್ ಬಿಚ್ಚಿ, ಮೂರನೇ ಕನೆಕ್ಟಿಂಗ್ ರಾಡಿನ ತುದಿಯ, ಬೇರಿಂಗ್ ಹಿಡಿದಿಡುವ ಕ್ಯಾಪ್ ತೆಗೆದೆ. ಒಳಗಿದ್ದ ಬೇರಿಂಗ್ ಹೊಸದಲ್ಲ. ಯಾವ ಕಾಲದ್ದೋ, ಬಿಳಿ ಮೆಟಲ್ ಎದ್ದುಹೋಗಿ ತಾಮ್ರದ ಬಣ್ಣ ಕಾಣುತ್ತಿತ್ತು. ಅದನ್ನು ಉಗುರಿನಿಂದ ಎಬ್ಬಿಸಿದಾಗ ಹಿಂದುಗಡೆ ಏನೋ ಅಂಟಿಕೊಂಡಿತ್ತು. ಎಳೆದೆ. ಎರಡು ಬೆರಳಗಲದ, ಕಪ್ಪಗೆ ಬಳುಕುವ ಪಟ್ಟಿ.

ಮೆಕ್ಯಾನಿಕ್ ಆದವನಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ಸವೆದ ಬೇರಿಂಗಿನ ಹಿಂದೆ ತೆಳ್ಳನೆಯದು ಏನಾದರೂ ತುರುಕಿದರೆ ಸಡಿಲ ಬಿಗಿಯಾಗುತ್ತದೆ, ಸದ್ದು ಅಡಗುತ್ತದೆ. ಎರಡು ಮೂರು ತಿಂಗಳ ಮಟ್ಟಿಗೆ ಗಿರಾಕಿ ಖುಷಿಯಾಗಿರುತ್ತಾನೆ. ಆಮೇಲೆ ಇಂಜಿನ್ ಹೊಟ್ಟೆ ಒಡೆದುಕೊಳ್ಳುತ್ತದೆ. ಕೆಲವರು ಸಿಗರೇಟ್ ಪ್ಯಾಕಿನ ಬೇಗಡೆ ಇಡುತ್ತಾರೆ, ಕೆಲವರು ಎಕ್ಸ್‌ರೇ ಫಿಲಂ ಕತ್ತರಿಸಿ ಇಡುತ್ತಾರೆ. ಹಾಗೆ ಮಾಡುವವನ ಕೈ ಮುರಿಯಬೇಕು ಎಂದು ನನಗೆ ಹೇಳಿಕೊಟ್ಟವನು ನಮ್ಮಣ್ಣನೇ.

"ಏನಣ್ಣ ಅದು?" ದೇವರಾಜು ಬಗ್ಗಿ ನೋಡಿದ.

"ಫಿಲಂ."

"ಸಿನಿಮಾದ್ದಾ?"

"ಆಸ್ಪತ್ರೇದು."

ಪೆಟ್ರೋಲಿನಲ್ಲಿ ಅದ್ದಿ ಒರೆಸಿ, ಹೊರಗೆ ಬಂದು ಬಿಸಿಲಿಗೆ ಹಿಡಿದೆ. ಒಂದು ಅಂಚಿನಲ್ಲಿ ಮೂಳೆಯ ಮಸುಕು ಬಿಳಿ. ಅದರ ಪಕ್ಕದಲ್ಲಿ, ಮೂಳೆಗಿಂತ ಬೆಳ್ಳಗೆ, ಒಂದು ಬೀಗದ ಕೈಯ ತುದಿ. ಮೂರು ಹಲ್ಲು, ನಡುವಿನದು ಮುರಿದದ್ದು.

ಆ ಬೀಗದ ಕೈಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಮ್ಮ ಅವ್ವ ಚಿಕ್ಕಬೋರಮ್ಮ ತನ್ನ ಮರದ ಪೆಟ್ಟಿಗೆಯ ಕೀಲಿಯನ್ನು ಯಾವತ್ತೂ ಸೊಂಟದಿಂದ ಇಳಿಸಿದವಳಲ್ಲ. ತೊಂಬತ್ತೈದರಲ್ಲಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಾಗ ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಫೋಟೋ ತೆಗೆಯುವವನು ಎಷ್ಟು ಬೇಡಿಕೊಂಡರೂ ಕೀಲಿ ಬಿಚ್ಚಲಿಲ್ಲ. "ಪೆಟ್ಗೆ ಬಾಗ್ಲು ತಗ್ದು ಊರ್ಗೆಲ್ಲ ತೋರುಸ್ಲಾ?" ಎಂದು ಅವನಿಗೇ ರೇಗಿದಳು. ಫಿಲಂ ಬಂದಾಗ ಮೂಳೆಯ ಪಕ್ಕ ಕೀಲಿಯೂ ಬಂದಿತ್ತು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ನಕ್ಕರು, ನಾವೂ ನಕ್ಕೆವು. ಮೂರು ತಿಂಗಳು ಬಿಟ್ಟು ಬನ್ನಿ, ಈ ಫಿಲಂ ಮರೆಯದೆ ತನ್ನಿ, ಹೊಸದರ ಪಕ್ಕ ಇಟ್ಟು ನೋಡಬೇಕು ಎಂದು ಹೇಳಿ ಕಳಿಸಿದರು.

ಮೂರು ತಿಂಗಳು ಬಿಟ್ಟು ಹೊರಟಾಗ ಫಿಲಂ ಇರಲಿಲ್ಲ.

ಆಗ ನಾವೆಲ್ಲ ಕೆ.ಆರ್. ಪೇಟೆಯಲ್ಲಿ ಒಂದೇ ಮನೆಯಲ್ಲಿದ್ದೆವು. ನಾನು ಅಣ್ಣನ ಗ್ಯಾರೇಜಿನಲ್ಲೇ ಕೆಲಸ ಮಾಡುತ್ತಿದ್ದೆ. ಗೌರಿ ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆದು, ಹಳೇ ಪೇಪರು ರದ್ದಿಯನ್ನೆಲ್ಲ ಗುಜರಿಯವನಿಗೆ ಹಾಕಿದವಳು ನನ್ನ ಹೆಂಡತಿ ರಂಜಿತ. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಅಷ್ಟು ಸಾಕಾಯಿತು. ನನ್ನ ಕಾಲನ್ನು ಗುಜರಿಗೆ ಹಾಕಿದಳು ಎಂದು ಅವ್ವ ಅಂಗಳದಲ್ಲಿ ಕೂತು ಎದೆ ಬಡಿದುಕೊಂಡಳು. ಪಕ್ಕದ ಮನೆಯ ಮಂಚಮ್ಮ ಓಡಿ ಬಂದಳು, ಬೀದಿಯವರು ಬಂದರು.

ರಂಜಿತ ಹೇಳಿದ್ದು ಎರಡೇ ಮಾತು. ಫಿಲಂ ಕವರನ್ನು ನಾನು ಮುಟ್ಟಿಲ್ಲ, ಮಂಚದ ಕೆಳಗೆ ಹಾಗೇ ಇತ್ತು ಎಂದಳು. ಆಮೇಲೆ, "ನಿಮ್ಮಣ್ಣನ್ನೂ ಒಂದ್ಮಾತು ಕೇಳಿ" ಎಂದಳು.

ಆ ಎರಡನೇ ಮಾತಿಗೆ ನಾನು ಅವಳಿಗೆ ಹೊಡೆದೆ. ಅಂಗಳದಲ್ಲಿ, ಎಲ್ಲರ ಮುಂದೆ, ಎರಡು ಏಟು. ಮೂರನೆಯದಕ್ಕೆ ಕೈ ಎತ್ತಿದಾಗ ಅಣ್ಣ ಬಂದು ನನ್ನ ರಟ್ಟೆ ಹಿಡಿದುಕೊಂಡ. "ಬುಡ್ಲಾ ಶಿವ, ಎಣ್ಮಕ್ಳು, ತಿಳೀದೆ ಮಾಡವ್ಳೆ" ಎಂದ. ದೇವರಂಥ ಮನುಷ್ಯ ಎಂದು ಬೀದಿಯೆಲ್ಲ ಅವನನ್ನು ಹೊಗಳಿತು. ನಾನೂ ಹಾಗೇ ಅಂದುಕೊಂಡೆ. ಹಳೆಯ ಫಿಲಂ ಇಲ್ಲದೆ ಡಾಕ್ಟರು ಖಚಿತವಾಗಿ ಏನೂ ಹೇಳಲಾರದೆ ಆಪರೇಷನ್ ಮಾಡಿಸುವುದು ಒಳ್ಳೆಯದು ಎಂದರು. ಅವ್ವ ಹೆದರಿ ಒಪ್ಪಲಿಲ್ಲ, ಕುಂಟಿಕೊಂಡೇ ಉಳಿದಳು. ಬಂದವರಿಗೆಲ್ಲ ರಂಜಿತಳನ್ನು ತೋರಿಸಿ, ನನ್ನ ಕಾಲು ತಿಂದವಳು ಇವಳೇ ಎನ್ನುತ್ತಿದ್ದಳು. ಕೊನೆಗೆ ಅದನ್ನು ಕೇಳಲಾರದೆ ನಾವಿಬ್ಬರು ಪಾಂಡವಪುರಕ್ಕೆ ಬಂದುಬಿಟ್ಟೆವು. ಆ ಮನೆಗೆ ರಂಜಿತ ಮತ್ತೆ ಕಾಲಿಟ್ಟಿಲ್ಲ.

ಉಳಿದ ಮೂರು ಕ್ಯಾಪುಗಳನ್ನೂ ಬಿಚ್ಚಿದೆ. ಎಲ್ಲದರಲ್ಲೂ ಹಳೇ ಬೇರಿಂಗು, ಎಲ್ಲದರ ಹಿಂದೆಯೂ ಒಂದೊಂದು ಪಟ್ಟಿ. ದೇವರಾಜು ಬಾಯಿಗೆ ಬಂದಂತೆ ಬೈಯತೊಡಗಿದ. "ನಿಮ್ಮಣ್ಣ ನನ್ಗೆ ನಾಮ ಇಕ್ಬುಟ್ಟ ಕಣಣ್ಣ! ದಿಬ್ಬದ್ ಮ್ಯಾಲೆ ರಾಡ್ ಮುರ್ದು ಗಾಡಿ ನಿಂತೋಗಿದ್ರೆ? ಬಸುರಿ ಎಂಗ್ಸು ಕೂತಿದ್ಲು ಮೊನ್ನೆ!" ಈ ಸಲ ನಾನು ಅವನ ಬಾಯಿ ಮುಚ್ಚಿಸಲಿಲ್ಲ. ಬೇರಿಂಗುಗಳಲ್ಲಿ ತಿರುಗುವ ಕ್ರ್ಯಾಂಕ್ ದಂಡ ಬಿಚ್ಚಿ ಮೈಸೂರಿಗೆ ಕಳಿಸುತ್ತೇನೆ, ಎಂಟು ದಿನ ಟೈಮ್ ಕೊಡು ಎಂದು ಹೇಳಿ ಅವನನ್ನು ಬಸ್ಸಿಗೆ ಹತ್ತಿಸಿದೆ. ಕೀಲಿಯಿದ್ದ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದೆ.

ಚಿನಕುರಳಿ ದಾಟುವಾಗ ಏನೇನು ಬೈಗುಳ ಬಳಸಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಎದುರಿಗೆ ಕಬ್ಬಿನ ಗಾಡಿಗಳು ಸಾಲಾಗಿ ಬರುತ್ತಿದ್ದವು, ದಾರಿ ಬಿಡದ ಗಾಡಿಯವರಿಗೆಲ್ಲ ಕೂಗಾಡಿದೆ. ಇವತ್ತು ಅವನನ್ನು ಬಿಡಬಾರದು, ಅಣ್ಣ ಅಂತಲೂ ನೋಡಬಾರದು, ಅದೇ ಅಂಗಳದಲ್ಲಿ ಅದೇ ಬೀದಿಯವರ ಮುಂದೆ ನಾಲ್ಕು ಬಿಗಿಯಬೇಕು. ಇದೊಂದೇ ನನ್ನ ತಲೆಯಲ್ಲಿದ್ದದ್ದು.

ಅಣ್ಣ ಊಟ ಮುಗಿಸಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವ್ವ ಕಂಬಕ್ಕೆ ಒರಗಿ ಕಾಲು ನೀಡಿಕೊಂಡು ಕೂತಿದ್ದಳು.

"ಬಾಲಾ ಶಿವ. ಉಂಡ್ಯೇನ್ಲಾ?" ಅಂದ ಅಣ್ಣ.

ಪಟ್ಟಿಯನ್ನು ಅವನ ತೊಡೆಯ ಮೇಲೆ ಎಸೆದೆ. "ದೇವರಾಜು ಇಂಜಿನ್ನಲ್ಲಿ ಸಿಕ್ತು. ಬೆಳಕ್ಗೆ ಇಡ್ದು ನೋಡು."

ಅವನು ಬೆಳಕಿಗೆ ಹಿಡಿಯಲಿಲ್ಲ. ಬಾಯಿ ಅಗಿಯುವುದು ನಿಂತಿತು. ಅಷ್ಟರಿಂದಲೇ ನನಗೆ ಎಲ್ಲ ತಿಳಿಯಿತು.

"ಅದ್ಯಾವ್ದೋ ಹಳೇ ಫಿಲಮ್ಮು..." ಎಂದು ಶುರು ಮಾಡಿದ.

"ಅವ್ವನ ಬೀಗದ್ ಕೈ ಅದೆ ಅದ್ರಲ್ಲಿ!" ಎಂದು ಕಿರುಚಿದೆ. ಮಂಚಮ್ಮ ತನ್ನ ಬಾಗಿಲಿಗೆ ಬಂದು ನಿಂತಳು. ಬರಲಿ, ಎಲ್ಲರೂ ಬರಲಿ ಎಂದುಕೊಂಡೆ.

ಅಣ್ಣ ಎದ್ದು ಎಲೆ ಉಗಿದು ಬಂದ. "ಕೂಗ್ಬ್ಯಾಡ. ಯೋಳ್ತೀನಿ ಕೇಳು. ನಾಗಮಂಗಲದ ಗಿರಾಕಿ ಒಬ್ಬ ತಲೆ ಮ್ಯಾಲೆ ಕೂತಿದ್ದ, ಅವತ್ತೇ ಗಾಡಿ ಬೇಕು ಅಂತ. ಮೈಸೂರಲ್ಲಿ ಬೇರಿಂಗ್ ಸಿಗ್ನಿಲ್ಲ. ಫಿಲಮ್ಮು ಎಲ್ಡು ತಿಂಗ್ಳಿಂದ ಮಂಚದ್ ಕೆಳ್ಗೆ ಸುಮ್ನೆ ಬಿದ್ದಿತ್ತು. ಒಂದು ಚೂರು ಕತ್ರುಸ್ಕಂಡೆ. ಒಂದ್ಸಲ ಕತ್ರುಸುದ್ ಮ್ಯಾಲೆ ಮಡುಗಿ ಏನು ಮಾಡ್ಲಿ? ಗ್ಯಾರೇಜ್ಗೆ ತಗೊಂಡೋದೆ."

"ಕೇಳ್ದಾಗ ಯಾಕ್ ಬಾಯ್ ಬುಡ್ನಿಲ್ಲ?"

"ಯೋಳನಾ ಅಂತ್ಲೇ ಇದ್ದೆ. ಅಷ್ಟೊತ್ಗೆ ನೀನು ಅವ್ಳ್ಗೆ ಒಡ್ದುಬುಟ್ಟಿದ್ದೆ. ಆಮ್ಯಾಕೆ ಎಂಗ್ ಯೋಳ್ಲಾ?"

ಎಂಥ ಉತ್ತರ ನೋಡಿ! ತಪ್ಪು ನನ್ನ ಕೈದೇ ಅನ್ನುವ ಹಾಗೆ ಹೇಳಿಬಿಟ್ಟ. ಎರಡು ವರ್ಷ ಆ ಫಿಲಂ ಅವನ ಗ್ಯಾರೇಜಿನಲ್ಲಿತ್ತು. ನಾನು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇನೆ, ಟೀ ಕುಡಿದಿದ್ದೇನೆ. ಚೂರು ಚೂರಾಗಿ ಎಷ್ಟು ಗಾಡಿಗಳೊಳಗೆ ನಮ್ಮವ್ವನ ಸೊಂಟ ಹೋಯಿತೋ ಲೆಕ್ಕವಿಲ್ಲ.

ನಾನು ಕೈ ಎತ್ತಿದೆ. ಅಣ್ಣ ಹಿಂದೆ ಸರಿಯಲಿಲ್ಲ. ಹೊಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸುಮ್ಮನೆ ನನ್ನ ಮುಖ ನೋಡುತ್ತ ನಿಂತ. ನನ್ನ ಕೈ ಗಾಳಿಯಲ್ಲಿ ನಿಂತೇ ನಿಂತಿತು, ಆಮೇಲೆ ತಾನಾಗಿ ಕೆಳಗಿಳಿಯಿತು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಅಣ್ಣ ಎದ್ದಾಗ ಕೆಳಗೆ ಬಿದ್ದ ಪಟ್ಟಿಯನ್ನು ಎತ್ತಿಕೊಂಡಿದ್ದ ಅವ್ವ ಅಷ್ಟೂ ಹೊತ್ತು ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸುತ್ತಿದ್ದಳು. ತನ್ನ ಕೀಲಿಯನ್ನು ಅದರ ಪಕ್ಕ ಇಟ್ಟು ನೋಡಿದಳು. ಇನ್ನು ಇವಳಾದರೂ ಎದೆ ಬಡಿದುಕೊಳ್ಳುತ್ತಾಳೆ, ಬೀದಿ ಕೂಡಿಸುತ್ತಾಳೆ ಎಂದು ಕಾದೆ.

"ಓಗ್ಲಿ ಬುಡ್ಲಾ ಮಗ" ಎಂದಳು. "ಅವ್ನೇನು ಬೇಕೂಂತ ಮಾಡುದ್ನಾ? ಕೆಲ್ಸದ್ ಬಿಸೀಲಿ ಆಗೋಯ್ತು. ಒಂದ್ ಚೂರು ಪ್ಲಾಸ್ಟಿಕ್ಗೆ ಅಣ್ಣತಮ್ಮದೀರು ಬೀದೀಲಿ ನಿಂತ್ಕಂಡು ಕಿತ್ತಾಡ್ತೀರಾ?"

"ಒಂದ್ ಚೂರು ಪ್ಲಾಸ್ಟಿಕ್ಕಾ? ಅವ್ಳ್ಗೆ ಎಲ್ಡು ವರ್ಸದಿಂದ ಏನೇನ್ ಅಂದೆ ನೀನು!"

"ಅಂದೆ. ಅಂದ್ರೇನಾಯ್ತು? ಅತ್ತೆ ಅಂದ್ಮ್ಯಾಲೆ ನಾಕ್ ಮಾತು ಅನ್ನಾದೇಯ. ಅವ್ಳೇನು ಸವ್ದೋದ್ಲಾ?"

ಅಣ್ಣನ ಕಡೆ ತಿರುಗಿದೆ. ಬಂದು ರಂಜಿತಳಿಗೆ ಹೇಳು, ಇಬ್ಬರೂ ಬಂದು ಹೇಳಿ ಎಂದಷ್ಟೇ ಅಂದೆ. ಬಿಡುವು ಮಾಡಿಕೊಂಡು ಬರ್ತೀನಿ ಎಂದ ಅಣ್ಣ. ಅವ್ವ ಊಟ ಮಾಡಿಕೊಂಡು ಹೋಗು ಎಂದಳು. ಅವಳ ಕೈಯಿಂದ ಪಟ್ಟಿಯನ್ನು ಕಿತ್ತುಕೊಂಡು ಹೊರಟೆ.

ಮನೆಗೆ ಬಂದವನು ರಂಜಿತಳಿಗೆ ಏನೂ ಹೇಳಲಿಲ್ಲ. ಅಣ್ಣ ಬರಲಿ, ಅವನ ಬಾಯಿಂದಲೇ ಕೇಳಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಸುಳ್ಳು. ನನಗೆ ಹೆದರಿಕೆ. ಎಂಟು ದಿನ ಗಾಡಿಯ ಅಡಿಯಲ್ಲೇ ಬಿದ್ದುಕೊಂಡಿದ್ದೆ. ಇಂಜಿನ್ ಇಳಿಸಿ, ಕ್ರ್ಯಾಂಕನ್ನು ಮೈಸೂರಿಗೆ ಒಯ್ದು ಉಜ್ಜಿಸಿ, ಅದರ ಅಳತೆಗೆ ಹೊಸ ಬೇರಿಂಗ್ ತಂದು ಕೂರಿಸಿದೆ. ಪ್ರತಿ ಬೋಲ್ಟನ್ನೂ ಎರಡೆರಡು ಸಲ ಬಿಗಿದೆ. ಯಾರು ಮಾತಾಡಿಸಿದರೂ ಅವರ ಮೇಲೆ ಹರಿಹಾಯ್ದೆ. ಅಣ್ಣ ಬರಲಿಲ್ಲ.

ಮುಂದಿನ ಬುಧವಾರ ದೇವರಾಜುವನ್ನು ಕೂರಿಸಿಕೊಂಡು ಅದೇ ಏರಿಗೆ ಹೋದೆ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ತಳದಲ್ಲಿ ಪಿಟ್ಟೆಂಬ ಸದ್ದಿಲ್ಲ. "ಕಿವಿ ಅಂದ್ರೆ ನಿನ್ ಕಿವಿ ಕಣಣ್ಣ! ಮೂರ್ ಊರ್ನೋರ್ಗೆ ಕೇಳುಸ್ದಿದ್ದು ನಿನ್ಗೆ ಕೇಳುಸ್ತು!" ಎಂದು ಅವನು ನನ್ನ ಬೆನ್ನು ತಟ್ಟಿದ. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆನೇನೋ. ಅವತ್ತು ಅವನನ್ನು ಗಾಡಿಯಿಂದ ಕೆಳಗೆ ತಳ್ಳುವಷ್ಟು ಸಿಟ್ಟು ಬಂತು. ಮಂಚದ ಕೆಳಗೆ ಹಾಗೇ ಇತ್ತು ಎಂದು ಒಬ್ಬಳು ಅಂಗಳದಲ್ಲಿ ನಿಂತು ಹೇಳಿದಾಗ ಈ ಕಿವಿ ಎಲ್ಲಿ ಹಾಳಾಗಿ ಹೋಗಿತ್ತು?

ಶೆಡ್ ಮುಚ್ಚಿ ನೆಟ್ಟಗೆ ಮನೆಗೆ ಹೋದೆ. ರಂಜಿತ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮೊರದ ಪಕ್ಕ ಪಟ್ಟಿಯನ್ನು ಇಟ್ಟೆ. ಅವಳು ಕೈ ಒರೆಸಿಕೊಂಡು ಅದನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ಎಲ್ಲಿತ್ತು?"

"ಗಾಡಿ ಬೇರಿಂಗ್ ಹಿಂದೆ. ಅಣ್ಣ ಕತ್ರುಸಿ ಇಕ್ಕಿದ್ದ."

"ಯಾವತ್ತು ಸಿಕ್ತು?"

"ಓದ್ ಮಂಗ್ಳಾರ."

"ಎಂಟು ದಿನ" ಎಂದಳು. ಅಷ್ಟೇ ಅಂದು ಮತ್ತೆ ಕಾಯಿ ಸುಲಿಯತೊಡಗಿದಳು.

ನಾನು ಎಲ್ಲವನ್ನೂ ಹೇಳಿದೆ. ಕೆ.ಆರ್. ಪೇಟೆಗೆ ಹೋದದ್ದು, ಅಣ್ಣ ಒಪ್ಪಿಕೊಂಡದ್ದು, ಅವ್ವ ಅಂದದ್ದು. ಹೇಳುತ್ತ ಹೇಳುತ್ತ ನನ್ನ ದನಿ ಏರಿತು, ಅವರಿಬ್ಬರನ್ನೂ ವಾಚಾಮಗೋಚರವಾಗಿ ಬೈದೆ. ಅವಳೂ ನನ್ನ ಜೊತೆ ಬೈಯಲಿ, ಅಳಲಿ, ಏನಾದರೂ ಮಾಡಲಿ ಎಂದು ಕಾದೆ. ಅವಳು ತಲೆ ಬಗ್ಗಿಸಿಕೊಂಡೇ ಕೇಳಿದಳು. ನನ್ನ ಮಾತು ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದಳು.

"ಹೊಡುದ್ರಾ?"

"ಯಾರ್ಗೆ?"

"ನಿಮ್ಮಣ್ಣನ್ಗೆ."

"ಇಲ್ಲ."

"ಯಾಕೆ?"

ದೊಡ್ಡವನು, ಸಾಕಿದವನು, ವಿದ್ಯೆ ಕಲಿಸಿದವನು. ಎಲ್ಲವನ್ನೂ ಮನಸ್ಸಿನಲ್ಲೇ ಎಣಿಸಿಕೊಂಡೆ.

"ಎಂಗ್ ಒಡೀಲೆ? ಅಣ್ಣ ಕಣೆ ಅವ್ನು" ಎಂದೆ.

ಅವಳು ಸುಲಿಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ನಾನ್ಯಾರು?" ಎಂದಳು.